ಅಳಲಾರದ ಕೂಸು, ಮಡಚಿದ ಎಲಿ

ಕೂಸು ಅಳಲಿಲ್ಲ. ನನಗ ಸಂಶೆ ಬಂದದ್ದು ಅಲ್ಲಿಂದ.

ಹುಟ್ಟಿದಾಗ ಅತ್ತಿತ್ತು. ಓಣಿಯ ಕಡೀ ಮನಿಯವರು ಕೈಯಾಗಿನ ಕಸಬರಗಿ ಬಿಟ್ಟು ಬಂದು ಗಂಡೋ ಹೆಣ್ಣೋ ಅಂತ ಕೇಳುವಷ್ಟು ಜೋರಾಗಿ ಅತ್ತಿತ್ತು. ಹೆಣ್ಣು. ಐದನೇ ದಿನ, ಕೂಸಿನ ಹಣಿಬರ ಬರಿಯೂ ಸೆಟಿಗೆವ್ವನ ಪೂಜಿ ಆತು. ಅದಾದ ಮ್ಯಾಲ ಕೂಸಿನ ದನಿ ದಿನಾ ಒಂದೀಟು ಕಡಿಮಿ ಆಗಕೋತ ಬಂತು. ಮಲಗಿದರ ಮಲಗೇ ಬಿಡತಿತ್ತು. ಗಲ್ಲ ತಟ್ಟಿ, ಅಂಗಾಲು ತಿಕ್ಕಿ ಎಬ್ಬಿಸಿ ಮೊಲಿಗೆ ಹಚ್ಚಿದರ ಒಂದೆರಡು ಗುಟುಕು ಎಳದು ಬಾಯಿ ಸಡಲ ಬಿಡತಿತ್ತು. ನೋಡಾಕ ಬಂದ ಹೆಂಗಸರು, ಎಂಥಾ ಗುಣವಂತ ಕೂಸು, ತಾಯಿಗೆ ಒಂಚೂರೂ ತ್ರಾಸು ಇಲ್ಲ ಅಂತ ಹೊಗಳಿ ಹೋದರು. ಅವರು ಹೋದ ಮ್ಯಾಲ ನಾ ಅರಬಿ ಸರಿಸಿ ಕೂಸಿನ ತೊಡಿ ಹಿಡದು ನೋಡಿದೆ. ಹುಟ್ಟಿದಾಗ ತುಂಬಿದ್ದ ತೊಡಿ ಮುದುಕಿಯ ಗಲ್ಲದಂಗ ಜೋತು ಬಿದ್ದಿತ್ತು.

ಇದು ನನ್ನ ತಂಗಿಯ ಚೊಚ್ಚಿಲ ಬಾಣಂತನದ ಮಾತು. ಇಸವಿ ಎಪ್ಪತ್ತಾರೋ ಎಪ್ಪತ್ತೇಳೋ ಇರಬೇಕು. ದೊಡ್ಡ ಬರ ದಾಟಿ ಮಳಿ-ಬೆಳಿ ಒಂದು ಹದಕ್ಕ ಬಂದಿದ್ದವು. ನಮ್ಮ ತವರೂರು ನಾಲತವಾಡದ ಹತ್ತಿರ, ಮುದ್ದೇಬಿಹಾಳ ತಾಲೂಕು. ನನ್ನನ್ನ ಬಸವನ ಬಾಗೇವಾಡಿ ಕಡೆ ಕೊಟ್ಟಿದ್ದರು, ತಂಗಿಯನ್ನ ಸಿಂದಗಿ ತಾಲೂಕಿನ ಯಂಕಂಚಿ ಕಡೆ. ತಂಗಿ ಹಡೆಯಾಕ ತವರಿಗೆ ಬಂದಾಗ ಅವ್ವಗ ಮೊಣಕಾಲು ಹಿಡಕೊಂಡಿದ್ದವು. ಬಾಣಂತಿಗೆ ನೀರು ಎರಿಯಾಕ, ಹೊರಸಿನ ಕೆಳಗ ಕೆಂಡ ಇಟ್ಟು ಮೈ ಕಾಸಾಕ, ಕೂಸಿನ ಅರಬಿ ಒಗಿಯಾಕ ನನ್ನ ಕರಿಸಿದರು. ಅವ್ವ ತನ್ನ ಕೈಯಾಗ ಇಟಗೊಂಡದ್ದು ಒಂದ ಕೆಲಸ: ಉಂಡ ಮ್ಯಾಲ ಬಾಣಂತಿಗೆ ಎಲಿ-ಅಡಿಕಿ ಮಡಚಿ ಕೊಡೂದು. ನಾ ನನ್ನ ಮಗನ್ನ ಬಗಲಾಗ ಎತಗೊಂಡು ಬಂದೆ. ಅವ ಆಗ ನಡೀತಿದ್ದ, ಆದರ ಇನ್ನೂ ಮೊಲಿ ಬಿಟ್ಟಿರಲಿಲ್ಲ.

ಇನ್ನೊಂದು ಮಾತು ಮೊದಲ ಹೇಳಿಬಿಡಬೇಕು. ಇಲ್ಲಾಂದರ ನಾ ಯಾಕ ತೊಡಿ ಹಿಡದು ನೋಡಿದೆ ಅನ್ನೂದು ತಿಳಿಯಂಗಿಲ್ಲ. ಆ ಮಗನಿಗಿಂತ ಮೊದಲು ನನಗೊಂದು ಹೆಣ್ಣಾಗಿತ್ತು. ಇದೇ ತವರಮನಿಯಾಗ, ಇದೇ ಕತ್ತಲ ಕ್ವಾಣಿಯಾಗ, ಇದೇ ಹೊರಸಿನ ಮ್ಯಾಲ. ಅದನ್ನೂ ಮಂದಿ ಗುಣವಂತ ಕೂಸು ಅಂದಿದ್ದರು. ಎರಡು ತಿಂಗಳು ತುಂಬೂದರೊಳಗ ಅದು ಒಣಗಿ ಹೋತು. ಯಾರದೋ ಕಣ್ಣು ಬಿತ್ತು ಅಂದರು. ನಾನೂ ಹಂಗ ತಿಳಕೊಂಡೆ. ಈಗ ತಂಗಿಯ ಕೂಸು ಅದೇ ಹಾದಿ ಹಿಡದಿತ್ತು. ಒಂದು ಮನಿಯಾಗ ಎರಡು ಸಲ ಅದೇ ಕಣ್ಣು ಬೀಳತೈತಿ ಅಂದರ ನಾ ನಂಬೂದಿಲ್ಲ.

ಮುದ್ದೇಬಿಹಾಳಕ್ಕ ಬಸ್ಸಿಗೆ ಹೋಗಿ ಡಾಕ್ಟರಿಗೆ ತೋರಿಸಿಕೊಂಡು ಬಂದೆ. ಅವರು ಕೂಸಿನ ಹೊಟ್ಟಿ ಒತ್ತಿದರು, ಕಣ್ಣು ಬಿಡಿಸಿ ನೋಡಿದರು. ಜ್ವರ ಇಲ್ಲ, ಭೇದಿ ಇಲ್ಲ, ಹಾಲು ಕುಡಸ್ರಿ ಅಂದರು. ಹಾಲು ಕುಡ್ಯಾಂಗಿಲ್ಲರಿ, ಅದಕ್ಕ ಬಂದೇನಿ ಅಂದೆ. ಒಂದು ಬಾಟ್ಲಿ ಬರಕೊಟ್ಟರು. ಆ ಬಾಟ್ಲಿ ಮ್ಯಾಲೂ ನನಗ ಸಂಶೆ. ಅದನ್ನ ಗ್ವಾಡಿಯ ಮಾಡದಾಗ ಇಟ್ಟೆ, ಕುಡಸಲಿಲ್ಲ.

ಮರುದಿನ ನನಗೊಂದು ವಿಚಾರ ಹೊಳೀತು. ತಂಗಿ ಮಲಗಿದ್ದಾಗ ಕೂಸನ್ನ ಹಿತ್ತಲಕ್ಕ ತಂದು ನನ್ನ ಮೊಲಿಗೆ ಹಚಗೊಂಡೆ. ಮೊದಲು ಸುಮ್ಮನ ಬಾಯಾಗ ಇಟಗೊಂಡಿತ್ತು. ತುಟಿಗೆ ಎರಡು ಹನಿ ಹಿಂಡಿದೆ, ಎಳೀತು. ಮುಂಜಾನಿ ಒಂದು ಸಲ, ಮಧ್ಯಾಹ್ನ ಒಂದು ಸಲ, ಹೊತ್ತು ಇಳಿಯೂ ಮುಂದ ಒಂದು ಸಲ. ದೀಪ ಹಚ್ಚೂ ಹೊತ್ತಿಗೆ ಕೂಸು ಮುಷ್ಟಿ ಹಿಡದು ಒದರಿತು. ಅವ್ವ ಅಡಗಿಮನಿಯಿಂದ ಕುಂಟಕೋತ ಬಂದು ಏನ ಕಡೀತು ಅಂತ ಕೇಳಿದಳು. ಏನೂ ಕಡದಿಲ್ಲ, ಹಸದೈತಿ ಅಂದೆ. ಮರುದಿನ ಮತ್ತ ತಂಗಿಯ ಹಾಲಿಗೆ ಹಚ್ಚಿದಿವಿ. ಮತ್ತ ಕೂಸು ಹತ್ತಿ ಮುದ್ದಿ ಆಗಿ ಬಿತ್ತು.

ಅಂದರ ಕೂಸಿನ ಮೈಯಾಗ ಏನೂ ಇಲ್ಲ. ತಾಯಿಯ ಹಾಲಿನಾಗ ಏನೋ ಐತಿ. ತಂಗಿಯೂ ಹಂಗ ಇದ್ದಳು. ಉಣ್ಣಾಕ ಕುಂತರ ಇಬ್ಬರ ಊಟ ಉಣ್ಣತಿದ್ದಳು, ಉಂಡು ಮಲಗತಿದ್ದಳು, ಎಬ್ಬಿಸಿದರ ನನ್ನ ಮಾರಿ ನೋಡಿ ನಗತಿದ್ದಳು. ಕಣ್ಣು ಕೆಂಪು. ತುಟಿ ಒಣಗಿ ಬಿಳೀ ಆಗಿರತಿದ್ದವು. ನಾ ನೀರು ಕೊಟ್ಟರ ಚರಗಿ ಪೂರಾ ಖಾಲಿ ಮಾಡತಿದ್ದಳು.

ಆ ಕಣ್ಣು, ಆ ನಗು ನಾ ಮೊದಲ ನೋಡಿದ್ದೆ. ಆಕೀ ಕುಬಸದ ದಿನ.

ತಂಗಿಗೆ ಬಸುರಿನಾಗ ವಾಂತಿ ಬಾಳ ಇತ್ತು. ನೀರು ಸುದ್ದಾ ನಿಲ್ಲತಿರಲಿಲ್ಲ, ಹುಡುಗಿ ಎಲುಬಾಗಿ ಕುಂತಾಳ ಅಂತ ಯಂಕಂಚಿಯಿಂದ ಸುದ್ದಿ ಬರತಿತ್ತು. ನಾಕು ತಿಂಗಳಾಗ ಬಿದ್ದ ಮ್ಯಾಲ ಒಮ್ಮಿಗೇ ಆ ಸುದ್ದಿ ನಿಂತಿತು. ಏಳರಾಗ ಕುಬಸಕ್ಕ ಬುತ್ತಿ ಕಟಗೊಂಡು ನಾವೆಲ್ಲಾ ಹೋದಾಗ ಆಕಿ ದುಂಡಗಾಗಿದ್ದಳು. ಹಸರ ಸೀರಿ ಉಡಿಸಿ, ಹಸರ ಬಳಿ ತೊಡಿಸಿ ಜೋಳದ ರಾಶಿಯಂಗ ಕುಂದರಿಸಿದರು. ಹೆಂಗಸರು ಹಾಡು ಹಾಡತಿದ್ದರು. ಹಾಡಿನಾಗ ನಗುವಂಥಾದ್ದು ಏನೂ ಇರಲಿಲ್ಲ, ಆದರ ತಂಗಿ ನಗಾಕ ಹತ್ತಿದಳು. ಬಾಯಿಗೆ ಸೆರಗು ಹಿಡದರೂ ಭುಜ ಅಲಗತಿದ್ದವು. ಆಕೀ ಅತ್ತಿ, ನಮ್ಮ ಬೀಗತಿ, ಪಕ್ಕದಾಗ ಕುಂತು ಆಕೀನ್ನೇ ನೋಡತಿದ್ದಳು, ಮಾರಿ ಮ್ಯಾಲ ಒಂದು ನಗು ಇರಲಿಲ್ಲ. ನಾ ಬೀಗತಿಯನ್ನ ನೋಡಿದೆ. ಈಕಿಗೆ ಏನೋ ಗೊತ್ತೈತಿ ಅನಸ್ತು.

ಅವರ ಊರ ಹೊರಗ ಒಂದು ಮಠ ಇತ್ತು. ಅಲ್ಲಿ ಅಮಾಸಿಗೆ ಅಮಲಿನ ಭಂಗಿ ಎಲಿ ಅರದು ಗಂಡಸರಿಗೆ ಪ್ರಸಾದ ಅಂತ ಕೊಡತಿದ್ದರು. ಬೀಗತಿ ಅಮಾಸಿ ತಪ್ಪಸತಿರಲಿಲ್ಲ. ಇಷ್ಟು ನನಗ ಸಾಕಾಗಿತ್ತು.

ಭಂಗಿ ಅಂದರ ಆಗ ನಮ್ಮ ಕಡೆ ಯಾರೂ ಹೌಹಾರತಿರಲಿಲ್ಲ. ನಮ್ಮ ಹಿತ್ತಲದಾಗೂ ಬಣವಿ ಮಗ್ಗಲಕ್ಕ ಎರಡು ಗಿಡ ಇದ್ದವು. ಎತ್ತು ಮೇವು ಬಿಟ್ಟು ಹೊಟ್ಟಿ ಉಬ್ಬಿಸಿ ನಿಂತರ ಅವ್ವ ಅದರ ಎಲಿ ಅರದು, ಬೆಲ್ಲ, ಜ್ವಾಳದ ಹಿಟ್ಟು ಕೂಡಿಸಿ ಉಂಡಿ ಕಟ್ಟತಿದ್ದಳು, ಅಪ್ಪ ಎತ್ತಿನ ನಾಲಿಗಿ ಹೊರಗ ಎಳದು ಒಳಗ ತುರಕತಿದ್ದ. ಒಣಗಿಸಿದ ಎಲಿಯ ಗಂಟು ದನದ ಕೊಟ್ಟಿಗಿಯ ತೊಲಿಗೆ ಜೋತು ಬಿದ್ದಿರತಿತ್ತು. ನಾವು ಅದಕ್ಕ ಎತ್ತಿನ ಔಷಧ ಅನ್ನತಿದ್ದಿವಿ. ಹುಟ್ಟಿದಾಗಿಂದ ಎತ್ತಿನ ಬಾಯಾಗ ನೋಡಿದ್ದನ್ನ ಹೆಂಗಸರ ಬಾಯಿಗೆ ಜೋಡಿಸಿ ನೋಡೂದು ನನ್ನ ತಲಿಗೆ ಬಂದಿರಲಿಲ್ಲ. ಮಠದ ಭಂಗಿ ಬ್ಯಾರೆ, ನಮ್ಮ ಕೊಟ್ಟಿಗಿಯ ಗಂಟು ಬ್ಯಾರೆ, ಹಂಗ ತಿಳಕೊಂಡಿದ್ದೆ. ಗಿಡ ಮಾತ್ರ ಒಂದೇ.

ಸೆಟಿಗೆವ್ವನ ಪೂಜಿ ದಿನ ಬೀಗತಿ ಒಂದು ಡಬ್ಬಿ ತುಂಬ ಅಂಟಿನ ಉಂಡಿ ಕಳಿಸಿದ್ದಳು. ಬಾಣಂತಿಗೆ ಬೆನ್ನು ಗಟ್ಟಿ ಆಗಲಿ ಅಂತ ಅಂಟು, ಕೊಬ್ಬರಿ, ಉತ್ತತ್ತಿ ಹಾಕಿ ಮಾಡೂ ಉಂಡಿ. ಕೂಸು ಸುಮ್ಮನಾದದ್ದೂ ಆ ಡಬ್ಬಿ ಬಂದ ಮ್ಯಾಲ. ನಾ ಡಬ್ಬಿ ಅಟ್ಟದ ಮ್ಯಾಲ ಏರಿಸಿ ಬಿಟ್ಟೆ. ಏರಿಸೂದಕಿಂತ ಮೊದಲು ನಾ ಒಂದು ತಿಂದು ನೋಡಿದೆ. ಮೈಯಾಗ ಏನೂ ಅನಸಲಿಲ್ಲ. ನನ್ನ ಮೈ ಒರಟು, ಹತ್ತಲಿಕ್ಕಿಲ್ಲ ಅಂತ ಅವ್ವಗ ಒಂದು ತಿನಿಸಿದೆ. ಅವ್ವ ತಿಂದು ಮಲಗಿ ಗೊರಕಿ ಹೊಡದಳು. ಸಿಕ್ಕಿತು ಅಂದುಕೊಂಡೆ. ಆದರ ಅವ್ವ ಉಂಡ ಮ್ಯಾಲ ದಿನಾ ಮಲಗತಿದ್ದಳು, ದಿನಾ ಗೊರಕಿ ಹೊಡೀತಿದ್ದಳು. ಅದರಿಂದ ಏನೂ ಸಾಬೀತು ಆಗಲಿಲ್ಲ.

ಡಬ್ಬಿ ಅಟ್ಟ ಏರಿ ಸಾಕಷ್ಟು ದಿನ ಆದರೂ ತಂಗಿಯ ಕಣ್ಣು ಹಂಗ ಇದ್ದವು. ಕೂಸು ಹಂಗ ಇತ್ತು. ನಾ ಕದ್ದು ಹಾಲು ಕುಡಿಸಿದ ಹೊತ್ತಿಗೆ ಒಂದೀಟು ಜೀವ ಬರತಿತ್ತು, ಮತ್ತ ಹೋಗತಿತ್ತು. ನನ್ನ ಹಾಲು ಇಬ್ಬರಿಗೆ ಸಾಲತಿರಲಿಲ್ಲ. ತಂಗೀನೇ ಎಲ್ಲಿಂದರ ಕದ್ದು ತಿಂತಾಳೇನು ಅಂತ ಆಕಿ ಜಳಕಕ್ಕ ಎದ್ದಾಗ ಹಾಸಿಗಿ ಝಾಡಿಸಿದೆ, ಸೀರಿ ಗಂಟು ಬಿಚ್ಚಿದೆ, ಕಂಬಳಿ ಮಡಿಕಿ ನೋಡಿದೆ. ಏನೂ ಸಿಗಲಿಲ್ಲ.

ತೊಟ್ಟಿಲಕ್ಕ ಹಾಕೂದು ತಿಂಗಳ ಕೊನಿಗೆ ಇಟಗೊಂಡಿದ್ದಿವಿ. ಅದಕ್ಕ ಒಂದೆರಡು ದಿನ ಮುಂಚೆ ಬೀಗತಿ ಒಬ್ಬಾಕಿನ ಬಂದಿಳದಳು. ಸಿಂದಗಿಯಿಂದ ಬಾಗೇವಾಡಿಗೆ ಬಂದು ಬಸ್ಸು ಬದಲಿಸಿ ಬಂದಿದ್ದಳು. ಚಾ ಕುಡೀಲಿಲ್ಲ, ಕೂಸನ್ನ ನೋಡಬೇಕು ಅಂದಳು. ಎತಗೊಂಡಳು, ಬೆಳಕಿಗೆ ಹಿಡದಳು, ಅರಬಿ ಸರಿಸಿ ತೊಡಿ ಹಿಡದು ನೋಡಿದಳು. ನಾ ನೋಡಿದಂಗ ನೋಡಿದಳು. ಆಮೇಲೆ ಹಿತ್ತಲಕ್ಕ ಕೈಕಾಲು ತೊಳಕೊಳ್ಳಾಕ ಬಂದಳು. ನಾ ನೀರು ಹಾಕಕೋತ ನೇರ ಕೇಳಿದೆ.

"ಅತ್ತೀ, ಉಂಡ್ಯಾಗ ಏನ ಹಾಕಿ ಕಳಿಸೀರಿ?"

"ಉಂಡ್ಯಾಗ ಹಾಕೂದು ಹಾಕೇನಿ. ಯಾಕ?"

"ಭಂಗಿ ಹಾಕಿಲ್ಲರಿ?"

ಆಕಿ ಕಾಲು ತಿಕ್ಕೂದು ಬಿಡಲಿಲ್ಲ. ಒಂದು ಹಿಮ್ಮಡ ತಿಕ್ಕಿ ಮುಗಿಸಿ ಇನ್ನೊಂದಕ್ಕ ಕೈ ಹಾಕಿದಳು.

"ನಾ ಅದನ್ನ ಕೇಳಾಕ ಇಷ್ಟ ದೂರ ಬಂದೇನವಾ," ಅಂದಳು. "ನಿಮ್ಮ ಮನ್ಯಾಗ ಹೆಣ್ಣುಮಕ್ಕಳಿಗೆ ಅದನ್ನ ಯಾವಾಗಿಂದ ತಿನಸ್ತೀರಿ?"

ಆಕಿ ಹೇಳಿದ್ದು ಇಷ್ಟು. ತಂಗಿಗೆ ನಾಕರಾಗ ಇದ್ದಾಗ ನಮ್ಮ ಅಪ್ಪ ಸಿಂದಗಿ ದನದ ಸಂತಿಗೆ ಹೋದವ ಹಂಗ ಅವರ ಮನಿಗೆ ಹೋಗಿದ್ದ. ಧೋತರದ ಚುಂಗಿನಾಗ ಒಂದು ಗಂಟು ಕಟಗೊಂಡು ಒಯ್ದಿದ್ದ. ಹುಡುಗಿಗೆ ವಾಂತಿ ನಿಲ್ಲಲಿ ಅಂತ ಅವ್ವ ಕಳಿಸ್ಯಾಳ, ದಿನಾ ಉಂಡ ಮ್ಯಾಲ ಒಂದೊಂದು ಗುಳಿಗಿ ಅಂತ ಹೇಳಿ ತಂಗಿಯ ಕೈಗೆ ಕೊಟ್ಟಿದ್ದ. ಬೀಗತಿ ಮೂಸಿ ನೋಡಿದಳು. ಅಮಾಸಿ ಅಮಾಸಿಗೆ ಮಠದಾಗ ಬಡಿಯೂ ವಾಸನಿ ಆಕಿಗೆ ತಿಳಿಯಲಾರದ್ದಲ್ಲ. ಅವರ ಮನಿಯಾಗ ಗಂಡಸರು ಕುಡೀತಿದ್ದರು, ಹೆಂಗಸರ ಬಾಯಿಗೆ ಮುಟ್ಟಸತಿರಲಿಲ್ಲ. ಸೊಸಿಗೆ ಮದುವಿಗೆ ಮೊದಲಿಂದ ಈ ಚಟ ಇರಬೇಕು, ತವರವರು ಮುಚ್ಚಿಟ್ಟು ಕೊಟ್ಟಾರ ಅಂತ ಆಕೀ ಸಂಶೆ. ಅದಕ್ಕ ಬಾಯಿ ಮುಚಗೊಂಡು ನೋಡತಿದ್ದಳು. ಕುಬಸದಾಗ ನೋಡಿದ್ದೂ ಅದನ್ನೇ.

ನೀವು ಆವಾಗ ಯಾಕ ಹೇಳಲಿಲ್ಲ ಅಂತ ಕೇಳಿದೆ. ನೀ ಯಾಕ ಕೇಳಲಿಲ್ಲ ಅಂದಳು.

ನಾ ನಂಬಲಿಲ್ಲ. ಸಿಕ್ಕಿಬಿದ್ದವರು ಎದುರಿನವರ ಮ್ಯಾಲ ಹಾಕೂದು ನಾ ನೋಡದ್ದೇನಲ್ಲ. ಆದರ ಆಕಿ ಗಂಟು, ಗುಳಿಗಿ ಅಂದದ್ದು ತಲ್ಯಾಗ ಕುಂತಿತ್ತು. ಉಂಡಿ ನೋಡಿದ್ದೆ, ಹಾಸಿಗಿ ನೋಡಿದ್ದೆ, ಬಾಣಂತಿಗೆ ಕೊಡೂ ಖಾರ ನನ್ನ ಕೈಲೇ ಮಾಡಿದ್ದು. ನೋಡಲಾರದ್ದು ಏನು ಉಳೀತು ಅಂತ ಯೋಚನಿ ಮಾಡಕೋತ ತಂಗಿಗೆ ಉಣ್ಣಾಕ ಬಡಿಸಿದೆ. ಆಕಿ ಉಂಡು ಕೈ ತೊಳಕೊಂಡಳು. ಪಡಸಾಲ್ಯಾಗ ಅವ್ವ ಎಲಿ ತಬಕದ ಮುಂದ ಕುಂತು, ಎಲಿಯ ತೊಟ್ಟು ಮುರದು, ಸುಣ್ಣ ಸವರಿ, ಅಡಿಕಿ, ಅಜವಾನ, ಒಣಕೊಬ್ಬರಿ ಚೂರು ಇಟ್ಟು ಮಡಚಿ ಲವಂಗ ಚುಚ್ಚಿದಳು. ಬಾಣಂತಿ ತನ್ನ ಎಲಿ ತಾ ಮಡಚಿಕೊಳ್ಳೂದಿಲ್ಲ, ಮನಿಯ ಹಿರೇ ಹೆಂಗಸು ಮಡಚಿ ಕೊಡಬೇಕು, ಅದು ನಮ್ಮ ಕಡೆ ಪದ್ಧತಿ. ಬಿಚ್ಚಿ ನೋಡೂದು ಹಿರ್ಯಾರಿಗೆ ಅಪಮಾನ. ಅವ್ವ ಕೈ ಮುಂದ ಮಾಡಿ, ಒಯ್ದು ಕೊಡು ಅಂದಳು.

ನಾ ಕ್ವಾಣಿ ಬಾಗಲದಾಗ ನಿಂತು ಆ ಎಲಿ ನನ್ನ ಬಾಯಾಗ ಹಾಕೊಂಡೆ.

ಮೊದಲು ಲವಂಗ, ಆಮೇಲೆ ಸುಣ್ಣದ ಚುರಚುರು, ಆಮೇಲೆ ಬೆಲ್ಲದ ಸೀ. ಎಲಿ ಅಡಿಕ್ಯಾಗ ಬೆಲ್ಲ ಎಲ್ಲಿಂದ ಬಂತು ಅನ್ನೂದರಾಗ ಆ ಸೀ ಕೆಳಗ ಒಂದು ಹಸಿ ಕಹಿ ಎದ್ದಿತು. ಹುಲ್ಲು ಕೊಳತಂಥಾ, ತುಪ್ಪದಾಗ ಹೊತ್ತಿದಂಥಾ ಕಹಿ. ಅದನ್ನ ನಾ ತಿಂದಿದ್ದೆ. ಎಲ್ಲಿ ತಿಂದಿದ್ದೆ ಅಂತ ನೆನಸೂ ಕೆಲಸ ಇರಲಿಲ್ಲ, ಕಣ್ಣ ಮುಂದ ಅದೇ ಹೊರಸು ಇತ್ತು. ಆ ಹೊರಸಿನ ಮ್ಯಾಲ ದಿನಾ ಉಂಡ ಮ್ಯಾಲ ತಿಂದಿದ್ದೆ. ತಿಂದು ಕೈಕಾಲು ದೂರ ದೂರ ಹೋದಂಗ ಆಗತಿತ್ತು, ತೊಲಿ ಎಣಿಸಕೋತ ಮಲಗತಿದ್ದೆ, ಪಕ್ಕದಾಗ ನನ್ನ ಕೂಸೂ ಮಲಗಿರತಿತ್ತು. ಬಾಣಂತಿ ಅಂದರ ಹಿಂಗ ಇರೂದು ಅಂತ ತಿಳಕೊಂಡಿದ್ದೆ. ಮಗ ಹುಟ್ಟಿದಾಗ ಗಂಡನ ಮನಿಯಾಗಿದ್ದೆ, ಅಲ್ಲಿ ಹಂಗ ಏನೂ ಆಗಲಿಲ್ಲ. ಎರಡನೇ ಹೆರಿಗಿ, ಮೈಗೆ ರೂಢಿ ಆಗೈತಿ ಅಂದುಕೊಂಡಿದ್ದೆ.

ಉಗುಳಿ ಬಂದು ಅವ್ವನ ಮುಂದ ಕುಂತೆ. ಬೀಗತಿ ಹೊಸ್ತಿಲದ ಮ್ಯಾಲ ಬಂದು ನಿಂತಳು. ನಿಲ್ಲಲಿ ಅಂತ ಬಿಟ್ಟೆ.

"ಎಲ್ಯಾಗ ಎತ್ತಿನ ಔಷಧ ಹಾಕೀದಿ ಅವ್ವಾ."

"ಎತ್ತಿಗೆ ಬ್ಯಾರೆ ಹದ, ಬಾಣಂತಿಗೆ ಬ್ಯಾರೆ ಹದ," ಅಂದಳು ಅವ್ವ. ಮುಚ್ಚಿಡೂ ವಿಚಾರ ಆಕೀ ಮಾರಿ ಮ್ಯಾಲ ಇರಲಿಲ್ಲ. ತುಪ್ಪದಾಗ ಹುರಿಯೂದು, ಬೆಲ್ಲ, ಮೆಣಸು ಕೂಡಿಸಿ ಅರಿಯೂದು, ಕಡ್ಲಿಕಾಳಿನಷ್ಟು ಗುಳಿಗಿ ಮಾಡೂದು, ಎಲ್ಲಾ ಹೇಳಿದಳು. ಬಾಣಂತಿಗೆ ಬ್ಯಾನಿ ಇಳೀತೈತಿ, ಹಸಿವಿ ಆಗತೈತಿ, ಅಂಜಿಕಿ ಹೋಗತೈತಿ. ಬಸರಿಗೆ ವಾಂತಿ ನಿಲ್ಲತೈತಿ. ಇದ್ಯಾವುದೂ ಸುಳ್ಳಲ್ಲ, ತಂಗಿಗೆ ಆದದ್ದು ನಾ ಕಂಡಿದ್ದೆ.

"ನನಗೂ ಹಾಕಿದ್ದೇನು?"

"ಹಾಕಿದ್ದೆ. ಹೊಟ್ಟಿ ಬ್ಯಾನಿ ಅಂತ ಹೊರಸಿನ ಕಾಲು ಹಿಡಕೊಂಡು ಒದ್ದಾಡತಿದ್ದಿ. ಹಾಕಿದ ಮ್ಯಾಲ ಉಂಡಿ, ಮಲಗಿದಿ."

"ಕೂಸೂ ಮಲಗಿತ್ತು."

"ಅದು ಕಣ್ಣು ಬಿದ್ದು ಹೋತು."

"ನಿನಗ ಯಾರು ಹಾಕಿದ್ದರು?"

"ನಮ್ಮವ್ವ."

"ನೀ ಎಷ್ಟು ಹಡದಿ ಅವ್ವಾ, ಅದರಾಗ ಎಷ್ಟು ಉಳದೀವಿ?"

ಅವ್ವ ಅಡಕೊತ್ತಿನ ಬಾಯಾಗ ಅಡಿಕಿ ಇಟ್ಟಿದ್ದಳು. ಕತ್ತರಿಸಲಿಲ್ಲ. ಉಳದವರು ನಾನು, ನನ್ನ ತಂಗಿ. ನಮ್ಮ ನಡುವ ಬಂದು ಹೋದವು ನಾಕೈದು.

ಇಲ್ಲಿ ನಾ ನ್ಯಾಯ ಬಿಟ್ಟು ಮಾತಾಡೂದಿಲ್ಲ. ಆ ಕಾಲದಾಗ ಕೂಸು ಹೋಗದ ಮನಿ ನಮ್ಮ ಓಣಿಯಾಗ ಇರಲಿಲ್ಲ. ಭೇದಿ, ಮೈ ಮ್ಯಾಲ ಏಳೂ ಗೊಬ್ಬರ, ಜ್ವರ, ಏನು ಬಂದರೂ ಒಯ್ಯತಿತ್ತು. ಭಂಗಿ ತಿನ್ನದ ಬಾಣಂತಿಯರ ಕೂಸುಗಳೂ ಹೋಗತಿದ್ದವು. ನನ್ನ ಕೂಸು ಆ ಎಲಿಯಿಂದ ಹೋತು ಅಂತ ನಾ ಹೇಳಾಕ ಬರೂದಿಲ್ಲ. ಆ ಎಲಿಯಿಂದ ಹೋಗಿಲ್ಲ ಅಂತ ಯಾರರೆ ಹೇಳಿದರೂ ನಾ ಕೇಳೂದಿಲ್ಲ. ಇನ್ನೊಂದು ಸಂಶೆ ಇವತ್ತಿಗೂ ಐತಿ. ತಾಯಿ ಮಲಗಿ, ಕೂಸು ಮಲಗಿದರ ಬಾಣಂತನ ಮಾಡೂ ಹೆಂಗಸಿಗೆ ಹೊಲಕ್ಕ ಹೋಗಾಕ ಕೈ ಬಿಡುವಾಗತೈತಿ. ನನ್ನ ಬಾಣಂತನದಾಗ ಅವ್ವನ ಕಾಲು ಗಟ್ಟಿ ಇದ್ದವು, ಹೊಲದಾಗ ಕಳೆ ತಗಿಯೂ ದಿನ, ಆಕಿ ಮುಂಜಾನಿ ಹೋಗಿ ಮಧ್ಯಾಹ್ನ ಬರತಿದ್ದಳು. ಅದಕ್ಕ ಹಾಕಿದಳು ಅಂತಲ್ಲ. ಆದರ ಅನುಕೂಲ ಅಂತೂ ಆಗಿತ್ತು.

ಅವತ್ತಿಂದ ಎಲಿ ಮಡಚೂದು ನನ್ನ ಕೈಗೆ ಬಂತು. ಕೊಟ್ಟಿಗಿಯ ಗಂಟು ಬಿಚ್ಚಿ ತಿಪ್ಪಿಗೆ ಹಾಕಿದೆ. ಬೀಗತಿ ಹೋಗಲಿಲ್ಲ. ನನ್ನ ಮೊಮ್ಮಗಳು ಒಂದು ಹಾದಿಗೆ ಹತ್ತೂ ತನಕ ನಾ ಇಲ್ಲೇ ಅಂದಳು. ಆಕಿಗೆ ನನ್ನ ಮ್ಯಾಲ ಭರೋಸೆ ಇರಲಿಲ್ಲ, ನಾ ಎಲಿ ಮಡಚೂವಾಗ ಎದುರಿಗೆ ಬಂದು ಕುಂದರತಿದ್ದಳು. ಆಕಿ ತಂಗಿಗೆ ಗಂಜಿ ಕಾಸೂವಾಗ ನಾ ಒಲಿ ಬಿಟ್ಟು ಏಳತಿರಲಿಲ್ಲ. ಇಬ್ಬರೂ ಕೂಡಿ ಅವ್ವನ್ನ ನೋಡತಿದ್ದಿವಿ. ಅವ್ವ ಯಾರನ್ನೂ ನೋಡಲಿಲ್ಲ, ದನದ ಕಡೆ ಹೋಗಿ ಕುಂದರತಿದ್ದಳು. ಮನಿಗೆ ಬಂದವರು, ಬೀಗರು ಎಷ್ಟು ಅಕ್ಕರತಿಯಿಂದ ಕೂಡಿ ಮಾಡತೀರಿ ಅಂತ ಅಂದರು. ಬೀಗತಿ ನನ್ನ ಮಾರಿ ನೋಡಿದಳು, ನಾ ಆಕೀ ಮಾರಿ ನೋಡಿದೆ.

ತಂಗಿಗೆ ಅದು ತಪ್ಪಿದ ಮ್ಯಾಲ ಆಕಿ ನಮ್ಮ ತಂಗಿ ಆಗಿ ಉಳೀಲಿಲ್ಲ. ಊಟ ನೂಕ್ಯಾಡಿದಳು. ಬೆವರಿ ಹಾಸಿಗಿ ತೋಯಿಸಿದಳು. ನಿದ್ದಿ ಹತ್ತಲಿಲ್ಲ. ಕೂಸನ್ನ ಮಗ್ಗಲಾಗ ಹಾಕಿದರ ಗ್ವಾಡಿ ಕಡೆ ಹೊರಳತಿದ್ದಳು. ಒಂದು ದಿನ ತಲಿಗೆ ಎಣ್ಣಿ ಹಚ್ಚೂವಾಗ ಹೇಳಿದಳು.

"ಅಕ್ಕಾ, ಅದು ತಿಂದಾಗ ನನಗ ಈ ಕೂಸು ನನ್ನದು ಅನಸತಿತ್ತು. ಈಗ ಯಾರದೋ ಕೂಸು ತಂದು ಇಟ್ಟಂಗ ಅನಸ್ತೈತಿ. ಒಂದ ಕೊಡು. ಅರ್ಧ ಕೊಡು."

ನಾ ಕೊಡಲಿಲ್ಲ. ಕೊಡೂ ಮನಸ್ಸು ಆಗಲಿಲ್ಲ ಅಂತಲ್ಲ. ಆದರ ತೊಡಿ ಹಿಡದು ನೋಡಿದ್ದು ನನ್ನ ಕೈ, ಅದಕ್ಕ ನೆನಪಿತ್ತು. ಎಣ್ಣಿ ಹಚ್ಚಿದೆ, ಹಣಿಗಿ ಹಾಕಿದೆ, ಹೆಳಲು ಕಟ್ಟಿದೆ.

ಅಷ್ಟು ದಿನ ಕೂಸು ನನ್ನ ಹಾಲು ಕುಡೀತು. ತಂಗಿಯ ಹಾಲು ಬತ್ತಬಾರದು ಅಂತ ಹೊತ್ತಹೊತ್ತಿಗೆ ಬಟ್ಟಲಾಗ ಹಿಂಡಿ ತೆಗೀತಿದ್ದೆ, ಬೀಗತಿ ಒಯ್ದು ಬೇವಿನ ಗಿಡದ ಬುಡಕ್ಕ ಹಾಕತಿದ್ದಳು. ತಾಯಿ ಹಾಲು ಚೆಲ್ಲೂದು ನೋಡಿ ಅವ್ವ ಅತ್ತಳು. ಆ ಇಡೀ ಸುದ್ದಿಯಾಗ ಅವ್ವ ಅತ್ತದ್ದು ಅದಕ್ಕೊಂದ. ನನ್ನ ಮಗನಿಗೆ ಸಿಟ್ಟು ಬಂದು ಕೂಸಿನ ಕಾಲು ಹಿಡದು ಜಗ್ಗತಿದ್ದ, ಇದು ನಂದು ಅಂತ ಒದರತಿದ್ದ. ಅವನ್ನ ಬೀಗತಿ ಬಗಲಾಗ ಹೊತ್ತು ಓಣಿ ತಿರುಗಿಸಿ, ಪುಠಾಣಿ ಬೆಲ್ಲ ಕೊಟ್ಟು ಮೊಲಿ ಬಿಡಿಸಿದಳು. ಆಕಿ ಕೊಟ್ಟ ಬೆಲ್ಲವನ್ನೂ ನಾ ಮೊದಲು ಮುರದು ನೋಡತಿದ್ದೆ.

ತೊಟ್ಟಿಲಕ್ಕ ಹಾಕೂದು ಇನ್ನೊಂದು ವಾರ ಮುಂದ ಹೋತು. ಹಾಕಿದ ದಿನ ಓಣಿ ಹೆಂಗಸರೆಲ್ಲಾ ಬಂದರು. ಅವರು ಗುಣವಂತ ಕೂಸನ್ನ ನೋಡಿ ಹೋದವರು. ಹಾಡು ಎತ್ತಿದರು, ಕೂಸು ಅದಕಿಂತ ಜೋರು ಎತ್ತಿತು. ಹೆಸರು ಕಿವಿಯಾಗ ಹೇಳಾಕ ಬಾಗಿದವರಿಗೆ ತಮ್ಮ ದನಿ ತಮಗ ಕೇಳಲಿಲ್ಲ. ಒಬ್ಬಾಕಿ, ಕೂಸು ಬದಲಾತೇನವಾ ಅಂತ ಚಾಷ್ಟಿ ಮಾಡಿದಳು. ತಂಗಿ ಹೊರಸಿನ ಮ್ಯಾಲ ಕುಂತು ಎರಡೂ ಕಿವಿಗೆ ಕೈ ಇಟಗೊಂಡಿದ್ದಳು. ಆಮೇಲೆ ಒಂದು ಕೈ ತಗದು ತೊಟ್ಟಿಲ ಹಗ್ಗ ಹಿಡದಳು. ತೂಗಲಿಲ್ಲ, ಹಿಡದಳು ಅಷ್ಟ. ನನಗ ಅಷ್ಟು ಸಾಕಾಗಿತ್ತು. ಅವತ್ತು ಮಧ್ಯಾಹ್ನ ಕೂಸನ್ನ ಆಕೀ ಮೊಲಿಗೆ ಹಚ್ಚಿ, ಹೊತ್ತು ಮುಳುಗೂ ತನಕ ನಾನು ಬೀಗತಿ ತೊಟ್ಟಿಲ ಮುಂದ ಕುಂತಿವಿ. ಕೂಸು ಹಸದು ಎದ್ದು ಒದರಿತು. ಬೀಗತಿ ಎದ್ದು, ತನ್ನ ಗಂಟು ಕಟ್ಟಾಕ ಹತ್ತಿದಳು.

ಆ ಕೂಸನ್ನ ಮುಂದ ಇಂಡಿ ಊರಿಗೆ ಮದುವಿ ಮಾಡಿ ಕೊಟ್ಟಿವಿ. ಈಗ ಆಕೀ ಮನಿಗೆ ನಾ ಹೋದರ ಬಸ್ ಸ್ಟ್ಯಾಂಡಿನಿಂದ ಹಾದಿ ಕೇಳೂ ಕೆಲಸ ಇಲ್ಲ, ಆಕೀ ದನಿ ಹಿಡಕೊಂಡು ಹೋದರ ಸಾಕು. ತಂಗಿಗೆ ಆಮೇಲೆ ಮೂರು ಮಕ್ಕಳಾದವು. ಅದನ್ನ ಮತ್ತ ತಿಂದಳೋ ಇಲ್ಲೋ ನಾ ಕೇಳಿಲ್ಲ. ಆಕಿ ಹೇಳೂದನ್ನ ನಂಬತಿದ್ದೆ ಅಂತ ನನಗ ಅನಸೂದಿಲ್ಲ. ಹಿತ್ತಲದ ಗಿಡ ನಾ ಬೇರು ಸಹಿತ ಕಿತ್ತಿದ್ದೆ. ಮರುವರ್ಷ ಮಳಿಗೆ ಅದೇ ಜಾಗಾದಾಗ ಎರಡು ಎದ್ದಿದ್ದವು. ಬೀಜ ಉದುರಿ ಎದ್ದವೋ, ಅವ್ವ ಊರಿದಳೋ. ಎತ್ತಿಗೆ ಬೇಕಲ್ಲ ಅಂದಳು.

ನನಗ ಮತ್ತ ಒಂದು ಹೆಣ್ಣಾತು. ಹೆರಿಗಿಗೆ ಕರಿಯಾಕ ಅಪ್ಪ ಗಾಡಿ ಕಟಗೊಂಡು ಬಂದಿದ್ದ, ನಾ ಹೋಗಲಿಲ್ಲ. ಗಂಡನ ಮನಿಯಾಗ ಹಡದೆ. ಮಂದಿ ಮಾತಾಡಿದರು, ಆಡಲಿ. ಆವಾಗ ಅವ್ವ ಬುತ್ತಿ ಕಟಗೊಂಡು ಬಾಗೇವಾಡಿ ತನಕ ಬಸ್ಸಿಗೆ, ಅಲ್ಲಿಂದ ಗಾಡಿಗೆ ಬಂದಳು. ಮೊಣಕಾಲು ಇನ್ನೂ ಕೆಟ್ಟಿದ್ದವು. ನಾ ಉಂಡು ಕೈ ತೊಳಕೊಂಡ ಮ್ಯಾಲ ಚೀಲದಾಗಿಂದ ತನ್ನ ಎಲಿ ಸಂಚಿ ತಗದಳು. ತೊಟ್ಟು ಮುರದಳು, ಸುಣ್ಣ ಸವರಿದಳು, ಮಡಚಿ ಲವಂಗ ಚುಚ್ಚಿ ನನ್ನ ಕೈಯಾಗ ಇಟ್ಟಳು.

ನಾ ಆಕೀ ಮುಂದನ ಲವಂಗ ಕಿತ್ತು ಎಲಿ ಬಿಚ್ಚಿದೆ. ಸುಣ್ಣ, ಅಡಿಕಿ, ಅಜವಾನ, ಕೊಬ್ಬರಿ. ಬೆರಳಿನಿಂದ ಸರಿಸಿ ಮತ್ತೊಮ್ಮೆ ನೋಡಿದೆ.

"ನೋಡಿದೇನು?" ಅಂದಳು ಅವ್ವ.

"ನೋಡಿದೆ."

"ತಿನ್ನ ಹಂಗಾರ."

ಮಡಚಿ ಬಾಯಾಗ ಹಾಕೊಂಡೆ. ಅವ್ವ ನನ್ನ ಗಂಟಲು ನೋಡಕೋತ ಕುಂತಿದ್ದಳು. ನಾ ರಸ ಲಗೂನ ನುಂಗಲಿಲ್ಲ, ನಾಲಿಗಿ ಮ್ಯಾಲ ಹಿಡಕೊಂಡು ಒಂದು ಗಳಿಗಿ ತಡದೆ. ಆವಾಗ ಒಳಗ ಕೂಸು ಅತ್ತಿತು. ಅದನ್ನ ಕೇಳಿದ ಮ್ಯಾಲ ನುಂಗಿದೆ.